ಕರೆಗೂ ಕ್ಷೇತ್ರಕ್ಕೂ ನಡುವಿನ ವರ್ಷಗಳು

ಮುಂದಿನ ತಲೆಮಾರಿನ ಮಿಷನರಿಗಳು ಎಲ್ಲಿಂದ ಬರಬೇಕು, ಅವರನ್ನು ಹೇಗೆ ಸಿದ್ಧಪಡಿಸಬೇಕು ಎಂಬ ಚರ್ಚೆ ಈಗ ಎಳೆ ಸಿಗದಷ್ಟು ಗೋಜಲಾಗಿದೆ. ಯುವಜನರಲ್ಲಿ ತ್ಯಾಗದ ಮನಸ್ಸು ಕುಗ್ಗಿದೆ ಎಂದು ಕೆಲವರು ಮರುಗುತ್ತಾರೆ. ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯ ಓದು ಸಾಕು, ನೇರವಾಗಿ ಸೇವಾ ಕ್ಷೇತ್ರಕ್ಕೆ ಕಳುಹಿಸಿ ಎಂದು ಇನ್ನು ಕೆಲವರು ಅವಸರಪಡುತ್ತಾರೆ. ಹೊರಗಿನವರೇ ಬೇಡ, ಸ್ಥಳೀಯ ಸೇವಕರಿಗೆ ನೆರವಾದರೆ ಸಾಕು ಎನ್ನುವವರೂ ಇದ್ದಾರೆ. ಎರಡು ವಾರ ಹೋಗಿ ಬಂದವರನ್ನೂ ಇಪ್ಪತ್ತು ವರ್ಷ ಬೇರೆ ಭಾಷೆಯ ನಡುವೆ ಬಾಳಿದವರನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲ ಮತ್ತಷ್ಟು ಬೆಳೆದಿದೆ. ಹಿಂದಕ್ಕೆ ತಿರುಗಿ ನೋಡಿದರೆ ಇವೆಲ್ಲ ಒಮ್ಮೆಯಾದರೂ ನಡೆದುಹೋದ ವಾದಗಳೇ. ಹೋಗಲು ಒಪ್ಪುವವರನ್ನು ಹುಡುಕುವಾಗ ಇದ್ದ ಹುರುಪು ಒಪ್ಪಿದವರನ್ನು ತಯಾರು ಮಾಡುವಾಗ ಉಳಿಯುತ್ತಿರಲಿಲ್ಲ.

ಆರಂಭದ ಶತಮಾನಗಳನ್ನು ಬೇಗ ದಾಟೋಣ. 1276ರಲ್ಲಿ ತತ್ತ್ವಜ್ಞಾನಿ ರಾಮೊನ್ ಲಲ್ ಅವರ ಒತ್ತಾಯದಿಂದ ಮಯೋರ್ಕಾ ದ್ವೀಪದ ಮಿರಾಮಾರ್‌ನಲ್ಲಿ ಹದಿಮೂರು ಫ್ರಾನ್ಸಿಸ್ಕನ್ ಸನ್ಯಾಸಿಗಳಿಗೆ ಅರಬ್ಬಿ ಕಲಿಸುವ ಮಠವೊಂದು ತೆರೆಯಿತು. ಹೆಚ್ಚು ಕಾಲ ಬಾಳಲಿಲ್ಲ. 1627ರಲ್ಲಿ ರೋಮಿನಲ್ಲಿ ಮಿಷನ್ ಸೇವೆಗೆಂದೇ ಕಾಲೇಜು ಹುಟ್ಟಿತು. 1732ರಲ್ಲಿ ಹೆರ್ನ್‌ಹುಟ್‌ನ ಮೊರೇವಿಯನ್ ಕ್ರೈಸ್ತ ಸಮುದಾಯದಿಂದ ಒಬ್ಬ ಕುಂಬಾರ, ಒಬ್ಬ ಬಡಗಿ ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪಕ್ಕೆ ಹೊರಟರು. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಒಂದು ಕಾಲದಲ್ಲಿ ಪಾದರಕ್ಷೆ ಹೊಲಿಯುತ್ತಿದ್ದವರು. ಭಾಷೆಗಳನ್ನು ಸ್ವಂತ ಶ್ರಮದಿಂದ ಕಲಿತರು.

ಕ್ರಮಬದ್ಧ ತಯಾರಿಯ ಫಲ ಕನ್ನಡ ಓದುಗರಿಗೆ ಚೆನ್ನಾಗಿಯೇ ಗೊತ್ತು. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಮರುವರ್ಷವೇ ತರಬೇತಿ ಶಾಲೆ ತೆರೆಯಿತು. ಆ ಶಾಲೆಯಲ್ಲಿ ಕಲಿತು 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವೆ 41 ವರ್ಷ. ಇಂದಿನ ಯಾವ ಯೋಜನಾ ಪತ್ರದಲ್ಲಿ ಅಷ್ಟು ಕಾಲಕ್ಕೆ ಜಾಗವಿದೆ? 1865ರಲ್ಲಿ ಚೀನಾ ಇನ್‌ಲ್ಯಾಂಡ್ ಮಿಷನ್ ಆರಂಭಿಸಿದ ಹಡ್ಸನ್ ಟೇಲರ್ ಬೇರೆ ದಾರಿ ಹಿಡಿದರು. ಪದವಿ ಬೇಡ, ಪಾದ್ರಿ ದೀಕ್ಷೆಯೂ ಬೇಡ, ಅವಿವಾಹಿತ ಮಹಿಳೆಯರೂ ಬರಬಹುದು ಎಂದರು. ಆದರೆ ಭಾಷೆಯ ವಿಷಯದಲ್ಲಿ ಅವರು ಸಡಿಲಿಸಲಿಲ್ಲ. ಹೊಸಬರಿಗಾಗಿ ಚೀನಾದಲ್ಲೇ ಭಾಷಾ ಶಾಲೆಗಳನ್ನು ನಡೆಸಿದರು, ಪುರುಷರಿಗೊಂದು, ಮಹಿಳೆಯರಿಗೊಂದು. ಬಾಗಿಲನ್ನು ಅಗಲ ಮಾಡಿದವರು ಹೊಸಿಲನ್ನು ತಗ್ಗಿಸಲಿಲ್ಲ. ಈ ವ್ಯತ್ಯಾಸ ಆಮೇಲೆ ಮರೆತುಹೋಯಿತು.

1886ರ ಬೇಸಿಗೆಯಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮೌಂಟ್ ಹರ್ಮನ್ ಶಾಲೆಯಲ್ಲಿ ಸುವಾರ್ತಾ ಬೋಧಕ ಡಿ. ಎಲ್. ಮೂಡಿ ಅವರ ಆಶ್ರಯದಲ್ಲಿ 251 ಕಾಲೇಜು ವಿದ್ಯಾರ್ಥಿಗಳು ಬೈಬಲ್ ಅಧ್ಯಯನಕ್ಕೆ ಸೇರಿದ್ದರು. ಮಿಷನ್ ಮುಖ್ಯ ವಿಷಯವೇ ಆಗಿರಲಿಲ್ಲ. ಭಾರತದಲ್ಲಿ ಸೇವೆ ಮಾಡಿದ ಮಿಷನರಿಯೊಬ್ಬರ ಮಗ ರಾಬರ್ಟ್ ವೈಲ್ಡರ್ ಅಲ್ಲಿ ಸಣ್ಣ ಪ್ರಾರ್ಥನಾ ಗುಂಪು ಕಟ್ಟಿಕೊಂಡರು. ಶಿಬಿರ ಮುಗಿಯುವ ಹೊತ್ತಿಗೆ ನೂರು ಮಂದಿ ವಿದೇಶ ಸೇವೆಗೆ ಹೆಸರು ಕೊಟ್ಟಿದ್ದರು. ಅವರಲ್ಲಿ ಮುಂದೆ ಈ ಚಳವಳಿಯನ್ನು ದಶಕಗಳ ಕಾಲ ನಡೆಸಿದ ಜಾನ್ ಮೋಟ್ ಒಬ್ಬರು. ಬಳಿಕ ವೈಲ್ಡರ್ ಮತ್ತು ಜಾನ್ ಫೋರ್ಮನ್ ಒಂದು ವರ್ಷ 162 ಸಂಸ್ಥೆಗಳನ್ನು ಸುತ್ತಿದರು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಸಹಿ ಮಾಡಿದರು. 1888ರಲ್ಲಿ ಇದು ವಿದ್ಯಾರ್ಥಿ ಸ್ವಯಂಸೇವಕ ಚಳವಳಿಯಾಗಿ ರೂಪುಗೊಂಡಿತು.

ಆ ಸಹಿಯ ಚೀಟಿಯನ್ನು ಹತ್ತಿರದಿಂದ ನೋಡಿ. ಮೊದಲು ಅದರಲ್ಲಿ ಇದ್ದದ್ದು, ದೇವರ ಚಿತ್ತವಿದ್ದರೆ ವಿದೇಶಿ ಮಿಷನರಿಯಾಗಲು ನಾನು ಸಿದ್ಧ, ಆಸೆಯುಳ್ಳವನು ಎಂಬ ಅರ್ಥದ ಮಾತು. ಮುಂದೆ ಅದನ್ನು ತಿದ್ದಿ, ಮಿಷನರಿಯಾಗುವುದು ನನ್ನ ಉದ್ದೇಶ ಎಂದು ಬರೆದರು. ಆಸೆ ಉದ್ದೇಶವಾಯಿತು. ಒಂದು ಸಭೆಯ ಬಿಸಿಯಲ್ಲಿ ಸಹಿ ಹಾಕುವುದಕ್ಕೂ ಬದುಕನ್ನು ಆ ಕಡೆ ತಿರುಗಿಸುವುದಕ್ಕೂ ಎಷ್ಟು ಅಂತರವಿದೆ ಎಂಬುದು ಆ ಒಂದೇ ಪದದ ತಿದ್ದುಪಡಿಯಲ್ಲಿ ಕಾಣುತ್ತದೆ ಎಂದು ನನಗೆ ಅನಿಸುತ್ತದೆ. ಚಳವಳಿ ಯಾರನ್ನೂ ತಾನೇ ಕಳುಹಿಸುತ್ತಿರಲಿಲ್ಲ. ಕಳುಹಿಸುವುದು ಆಯಾ ಕ್ರೈಸ್ತ ಸಭೆಗಳ ಮಿಷನ್ ಮಂಡಳಿಗಳ ಕೆಲಸ. ಚಳವಳಿ ಕಾಲೇಜುಗಳಲ್ಲಿ ಅಧ್ಯಯನ ವರ್ಗಗಳನ್ನು ನಡೆಸಿತು ನಿಜ. ಆದರೂ ಕಿಚ್ಚು ಹೊತ್ತಿಸಿದ ಕೈ ಒಂದು, ಅದನ್ನು ಕಾಪಾಡಬೇಕಾದ ಕೈ ಇನ್ನೊಂದು. ಎರಡರ ನಡುವಿನ ಹಲವು ವರ್ಷ ಆ ಹುಡುಗ ಅಥವಾ ಹುಡುಗಿ ಬಹುಮಟ್ಟಿಗೆ ಒಂಟಿ. ಹಾಗಿದ್ದೂ ಸುಮಾರು 20,000 ಮಂದಿ ಈ ಚಳವಳಿಯ ಮೂಲಕ ಕ್ಷೇತ್ರಕ್ಕೆ ಹೋದರು. ಅದು ಸಣ್ಣ ಸಾಧನೆಯಲ್ಲ.

ಕೊರತೆ ಆಗಲೇ ಕಂಡಿತ್ತು. 1910ರ ಎಡಿನ್‌ಬರೊ ವಿಶ್ವ ಮಿಷನರಿ ಸಮ್ಮೇಳನದ ಐದನೇ ಆಯೋಗದ ವಿಷಯವೇ ಮಿಷನರಿಗಳ ತಯಾರಿ. ದೈವಶಾಸ್ತ್ರ ಓದಿದರಷ್ಟೇ ಸಾಲದು, ಅನ್ಯ ಧರ್ಮಗಳ ತಿಳಿವಳಿಕೆ, ಸಮಾಜಶಾಸ್ತ್ರ, ಬೋಧನಾ ಕ್ರಮ, ಭಾಷಾವಿಜ್ಞಾನ ಎಲ್ಲವೂ ಬೇಕು ಎಂದು ಅದು ಹೇಳಿತು. ಅದೇ ಸಮ್ಮೇಳನದಲ್ಲಿ ಭಾರತದ ವಿ. ಎಸ್. ಅಜರಯ್ಯ ಎದ್ದು ನಿಂತು, ನೀವು ಬಡವರಿಗೆ ಆಸ್ತಿ ಕೊಟ್ಟಿದ್ದೀರಿ, ಸುಡಲು ದೇಹವನ್ನೂ ಕೊಟ್ಟಿದ್ದೀರಿ, ನಮಗೆ ಸ್ನೇಹಿತರನ್ನು ಕೊಡಿ ಎಂದು ಕೇಳಿದರು. ಪಠ್ಯಕ್ರಮದ ಪಟ್ಟಿಯಲ್ಲಿ ಬಿಟ್ಟುಹೋಗಿದ್ದು ಅದೇ. ಜೊತೆಗೆ ದುಡಿಯುವುದನ್ನು, ಸ್ಥಳೀಯರ ಕೈಕೆಳಗೆ ದುಡಿಯುವುದನ್ನು ಯಾವ ತರಗತಿಯೂ ಕಲಿಸುತ್ತಿರಲಿಲ್ಲ.

ಮೊದಲ ಮಹಾಯುದ್ಧ ಎಲ್ಲವನ್ನೂ ಅಲುಗಿಸಿತು. ಕ್ರೈಸ್ತ ರಾಷ್ಟ್ರಗಳೆನಿಸಿಕೊಂಡವೇ ಪರಸ್ಪರ ಕೊಂದದ್ದನ್ನು ಕಂಡ ವಿದ್ಯಾರ್ಥಿಗಳು ಯುದ್ಧ, ವರ್ಣಭೇದ, ಕೈಗಾರಿಕೆಯ ಅನ್ಯಾಯದ ಬಗ್ಗೆ ಕೇಳತೊಡಗಿದರು. ಹಿರಿಯರು ಹಳೆಯ ಭಾಷಣಗಳನ್ನೇ ಮುಂದುವರಿಸಿದರು. 1920ರಲ್ಲಿ ಸಹಿ ಹಾಕಿದವರು 2,783. 1938ರಲ್ಲಿ 25. ಯುವಜನರ ಮನಸ್ಸು ಬತ್ತಿತೆಂದು ಆಗಲೂ ಹೇಳಲಾಯಿತು. ನನಗೆ ಹಾಗೆ ಅನಿಸುವುದಿಲ್ಲ. ಅವರ ಪ್ರಶ್ನೆಗಳನ್ನು ಕೂತು ಕೇಳುವವರಿರಲಿಲ್ಲ.

ಆನಂತರದ ದಶಕಗಳು ವೇಗವಾಗಿ ಓಡುತ್ತವೆ. 1934ರಲ್ಲಿ ಬೈಬಲ್ ಅನುವಾದಕ ಕ್ಯಾಮರಾನ್ ಟೌನ್ಸೆಂಡ್ ಅಮೆರಿಕದ ಅರ್ಕಾನ್ಸಾದ ಹೊಲಮನೆಯಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳನ್ನು ಮೊಳೆಯ ಪೀಪಾಯಿಗಳ ಮೇಲೆ ಕೂರಿಸಿ ಭಾಷಾವಿಜ್ಞಾನ ಕಲಿಸಲು ತೊಡಗಿದರು. ಎರಡನೇ ಮಹಾಯುದ್ಧದ ನಂತರ ವಿದ್ಯಾರ್ಥಿ ಸಮ್ಮೇಳನಗಳು ಮತ್ತೆ ತುಂಬಿದವು. 1960ರ ಹೊತ್ತಿಗೆ ಕಿರು ಅವಧಿಯ ಸೇವೆ ಬಂತು, ವಿಮಾನಯಾನ ಅದನ್ನು ಸುಲಭಗೊಳಿಸಿತು. 1971ರಲ್ಲಿ ಕೆನ್ಯಾದ ಸಭಾನಾಯಕ ಜಾನ್ ಗಾಟು, ಹೊರಗಿನಿಂದ ಜನ ಮತ್ತು ಹಣ ಬರುವುದನ್ನು ಕೆಲ ಕಾಲ ನಿಲ್ಲಿಸಿ ಎಂದರು. 1974ರಲ್ಲಿ ಲೊಸಾನ್‌ನಲ್ಲಿ ನಡೆದ ಸುವಾರ್ತಾ ಸಮ್ಮೇಳನದಲ್ಲಿ ಅಮೆರಿಕದ ಮಿಷನ್ ವಿದ್ವಾಂಸ ರಾಲ್ಫ್ ವಿಂಟರ್, ಕ್ರೈಸ್ತ ಸಭೆಯೇ ತಲುಪದ ಜನಾಂಗಗಳಿಗೆ ಬೇರೆ ಸಂಸ್ಕೃತಿಯಿಂದಲೇ ಯಾರಾದರೂ ಹೋಗಬೇಕು ಎಂದರು. ಇಬ್ಬರ ಮಾತೂ ಸರಿ ಎಂಬುದೇ ಮುಂದಿನ ಗೋಜಲಿಗೆ ಕಾರಣ.

ಕಳುಹಿಸುವವರ ನಕ್ಷೆಯೂ ಬದಲಾಯಿತು. ತಿರುನೆಲ್ವೇಲಿಯ ಭಾರತೀಯ ಕ್ರೈಸ್ತರು 1903ರಲ್ಲೇ ತಮ್ಮ ಮಿಷನರಿ ಸಂಘ ಕಟ್ಟಿದ್ದರು. ಕೊರಿಯಾದ ಪ್ರೆಸ್ಬಿಟೇರಿಯನ್ನರು 1913ರಲ್ಲಿ ಚೀನಾದ ಶಾನ್‌ಡಾಂಗ್‌ಗೆ ಜನರನ್ನು ಕಳುಹಿಸಿದ್ದರು. ಶತಮಾನದ ಕೊನೆಯ ಹೊತ್ತಿಗೆ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಸಭೆಗಳು ದೊಡ್ಡ ಸಂಖ್ಯೆಯಲ್ಲಿ ಕಳುಹಿಸತೊಡಗಿದವು. 1990ರ ದಶಕದಲ್ಲಿ 14 ದೇಶಗಳಲ್ಲಿ ನಡೆದ ಅಧ್ಯಯನ, ದೀರ್ಘಾವಧಿ ಮಿಷನರಿಗಳಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ ಐವರು ಕ್ಷೇತ್ರ ಬಿಡುತ್ತಾರೆ, ಹಾಗೆ ಬಿಟ್ಟವರಲ್ಲಿ 71 ಪ್ರತಿಶತ ಮಂದಿಯ ಕಾರಣಗಳು ತಪ್ಪಿಸಬಹುದಾದವು ಎಂದು ತೋರಿಸಿತು. ಹಳೆಯ ದೇಶಗಳವರಿಗೆ ಮಕ್ಕಳ ಚಿಂತೆ ದೊಡ್ಡದು. ಹೊಸದಾಗಿ ಕಳುಹಿಸುವ ದೇಶಗಳವರಿಗೆ ತವರು ಸಭೆಯ ಬೆಂಬಲವಿಲ್ಲದಿರುವುದೇ ದೊಡ್ಡದು.

ಹಿಂತಿರುಗಿದವರನ್ನು ಸೋತವರಂತೆ ನೋಡುವುದು ನೋವಿನ ಸಂಗತಿ. ಬೈಬಲಿನಲ್ಲಿ, ಪೌಲ ಮತ್ತು ಬಾರ್ನಬರ ಜೊತೆ ಹೊರಟಿದ್ದ ಮಾರ್ಕನೂ ಪಂಫುಲ್ಯದ ಪೆರ್ಗೆಯಿಂದ ಹಿಂತಿರುಗಿದ್ದ. ಪೌಲನಿಗೆ ಅವನು ಬೇಡವಾದಾಗ ಬಾರ್ನಬನು ಅವನನ್ನು ಕರೆದುಕೊಂಡು ಕುಪ್ರದ್ವೀಪಕ್ಕೆ ಹೋದ. ಅದೇ ಪೌಲ ಕೊನೆಗಾಲದಲ್ಲಿ ಮಾರ್ಕನನ್ನು ಕರೆದುಕೊಂಡು ಬಾ ಎಂದು ಬರೆದ. ನಡುವಿನ ವರ್ಷಗಳಲ್ಲಿ ಬಾರ್ನಬನು ಏನು ಮಾಡಿದನೆಂದು ಗ್ರಂಥ ಹೇಳುವುದಿಲ್ಲ. ತಯಾರಿ ಎಂದರೆ ಬಹುಶಃ ಅದೇ.

ಈಗ ಅನೇಕ ದೇಶಗಳು ಮಿಷನರಿ ವೀಸಾ ಕೊಡುವುದಿಲ್ಲ. ಗುಡಾರ ಮಾಡುವ ಕಸಬಿನಿಂದ ಬದುಕಿದ ಪೌಲನಂತೆ ವೈದ್ಯರಾಗಿ, ಶಿಕ್ಷಕರಾಗಿ ಹೋಗುವವರು ಹೆಚ್ಚಿದ್ದಾರೆ. ಇವರಿಗೆ ಭಾಷೆಗೆ ಸಿಗುವ ಸಮಯ ಇನ್ನೂ ಕಡಿಮೆ. ಬಂದ ಮೊದಲ ದಿನಗಳಲ್ಲೇ ಸ್ಥಳೀಯ ಕುಟುಂಬದೊಡನೆ ಇರಬೇಕು, ಆಗಲೇ ನಂಟು ಬೆಸೆಯುತ್ತದೆ ಎಂದು ಮಿಷನರಿಗಳಿಗೆ ಭಾಷಾ ಕಲಿಕೆ ಹೇಳಿಕೊಡುತ್ತಿದ್ದ ಬ್ರೂಸ್ಟರ್ ದಂಪತಿ 1970ರ ದಶಕದಲ್ಲಿ ಹೇಳುತ್ತಿದ್ದರು. ಇಂದು ಹೊಸಬನ ಕೈಯಲ್ಲಿ ಮೊಬೈಲ್ ಇದೆ. ಸಂಜೆಯಾದರೆ ಮನಸ್ಸು ತವರಿನಲ್ಲಿರುತ್ತದೆ.

ಒಂದು ಮಾಸಿಕ ವರದಿಯ ನಮೂನೆಯನ್ನು ನಾನು ಬಹಳ ಹೊತ್ತು ಹಿಡಿದು ಕೂತಿದ್ದೆ. ಭೇಟಿ ನೀಡಿದ ಊರುಗಳು, ಹಂಚಿದ ಕರಪತ್ರಗಳು, ನಡೆಸಿದ ಪ್ರಾರ್ಥನಾ ಕೂಟಗಳು, ದೀಕ್ಷಾಸ್ನಾನ, ಹೀಗೆ ಅಂಕಣಗಳು. ಕ್ಷೇತ್ರಕ್ಕೆ ಹೋಗಿ ಎಂಟು ತಿಂಗಳಾಗಿದ್ದ ಯುವತಿಯೊಬ್ಬಳು ತುಂಬಿದ ಪುಟ ಅದು. ಎಲ್ಲ ಅಂಕಣದಲ್ಲೂ ಸೊನ್ನೆ. ಕೆಳಗೆ ‘ಇತರೆ’ ಎಂಬ ಸಣ್ಣ ಜಾಗದಲ್ಲಿ ಬರೆದಿದ್ದಳು: ‘ಪಕ್ಕದ ಮನೆಯ ಅಜ್ಜಿ ಈ ತಿಂಗಳು ನನ್ನ ಮಾತನ್ನು ಎರಡನೇ ಸಲ ಕೇಳದೆ ಅರ್ಥಮಾಡಿಕೊಂಡರು.’