ಹಳೆ ಯುದ್ಧವಿಮಾನದ ಮೈಮೇಲೆ ಪ್ರಾಯೋಜಕರ ಬಣ್ಣ

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಸ್ಸಿಗೆ ಜಾಹೀರಾತು ಅಂಟಿಸಲು ಒಂದು ರಾತ್ರಿ ಸಾಕು. ವಿನೈಲ್ ಹಾಳೆ, ಬಿಸಿಗಾಳಿ ಗನ್ನು, ಒತ್ತಿ ಎಳೆಯಲು ರಬ್ಬರ್ ಪಟ್ಟಿ ಇದ್ದರಾಯಿತು. ನಾಲ್ಕು ಕಿಲೋ ಹೆಚ್ಚಾದರೂ ಬಸ್ಸಿಗೆ ಗೊತ್ತಾಗುವುದಿಲ್ಲ. 1940ರ ದಶಕದ ತರಬೇತಿ ವಿಮಾನಕ್ಕೆ ಮಾತ್ರ ಗೊತ್ತಾಗುತ್ತದೆ. ಅಲ್ಲಿ ಬಣ್ಣವೂ ಒಂದು ಬಿಡಿಭಾಗವೇ.

ಹಣದ ಮಾತು ಮೊದಲು ಮುಗಿಸೋಣ. ಇಂಥ ವಿಮಾನ ಇಟ್ಟುಕೊಳ್ಳುವುದೆಂದರೆ ಆನೆ ಸಾಕಿದ ಹಾಗೆ. ಅಮೆರಿಕದ ಸೈನಿಕ ಪೈಲಟ್‌ಗಳು ಕಲಿತ, ಒಂದರ ಮೇಲೊಂದು ಎರಡು ಜೋಡಿ ರೆಕ್ಕೆಯ ಬೋಯಿಂಗ್ ಸ್ಟಿಯರ್‌ಮನ್‌ಗೆ 450 ಅಶ್ವಶಕ್ತಿಯ ಎಂಜಿನ್ ಕೂರಿಸಿದರೆ ತಾಸಿಗೆ ಸುಮಾರು 80 ಲೀಟರ್ ಪೆಟ್ರೋಲು ಬೇಕು. ಇಂಗ್ಲೆಂಡಿನಲ್ಲಿ ರೆಕ್ಕೆಯ ಮೇಲೆ ಜನ ನಿಂತು ಕಸರತ್ತು ಮಾಡುವ ತಂಡದ ಸ್ಟಿಯರ್‌ಮನ್‌ಗಳು ಒಮ್ಮೆ ಕ್ರಂಚಿ ಚಾಕೊಲೇಟಿನ ಹೆಸರು ಹೊತ್ತವು, ಆಮೇಲೆ ಬ್ರೆಡ್ಡಿಗೆ ಹಚ್ಚುವ ಅಟರ್ಲಿ ಬಟರ್ಲಿಯದ್ದು, ಮುಂದೊಂದು ಕಾಲಕ್ಕೆ ಬ್ರೈಟ್ಲಿಂಗ್ ಕೈಗಡಿಯಾರದ್ದು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ರೆಡ್ ಬುಲ್ ಹೆಸರು ಹೊತ್ತ ಬಿ-25 ಬಾಂಬರ್ ಇದೆ, ಪಿ-38 ಯುದ್ಧವಿಮಾನ ಇದೆ. ನಮ್ಮ ವಾಯುಪಡೆಯ ಹಳೆ ವಿಮಾನಗಳ ತುಕಡಿ, ಅಂದರೆ ಟೈಗರ್ ಮಾತ್, ಹಾರ್ವರ್ಡ್, ಡಕೋಟಾ, ಸೇನೆಯ ಬಣ್ಣದಲ್ಲೇ ಉಳಿದಿವೆ. ಅವುಗಳ ಖರ್ಚು ಸರಕಾರದ್ದು. ಖಾಸಗಿಯವರಿಗೆ ಆ ಭಾಗ್ಯವಿಲ್ಲ. ಷೆಡ್ಡಿನಲ್ಲಿ ಅಸಲಿ ಬಣ್ಣದಲ್ಲೇ ಕೊಳೆಯುವುದಕ್ಕಿಂತ ಗಡಿಯಾರದ ಹೆಸರು ಹೊತ್ತಾದರೂ ಹಾರುವುದು ಮೇಲು ಅನ್ನುವವರ ಪಕ್ಷ ನಮ್ಮದು. ಆದರೆ ಹೆಸರು ಎಲ್ಲಿ ಬರೆಯಬೇಕೆಂಬುದನ್ನು ಹಣ ಕೊಟ್ಟವರು ತೀರ್ಮಾನಿಸಬಾರದು.

ಸ್ಟಿಯರ್‌ಮನ್ ರೆಕ್ಕೆ ಎಂದರೆ ಮರದ ಹಂದರ, ಅದರ ಮೇಲೆ ಬಿಗಿದ ಬಟ್ಟೆ. ಗರಗದ ಖಾದಿಯಲ್ಲಿ ಹುಬ್ಬಳ್ಳಿಯ ಬೆಂಗೇರಿಯವರು ಹೊಲಿಯುವ ರಾಷ್ಟ್ರಧ್ವಜಕ್ಕೆ ಎಳೆ ಎಣಿಸಿ, ಬಣ್ಣ ಅಳೆದು ಒಪ್ಪುತ್ತಾರಲ್ಲ, ವಿಮಾನದ ಹತ್ತಿಬಟ್ಟೆಗೂ ಅಂಥದೇ ಕಟ್ಟುನಿಟ್ಟು ಇತ್ತು. ಅಂಗುಲಕ್ಕೆ ಕನಿಷ್ಠ 80 ಎಳೆ ಇರಬೇಕು, ಒಂದಂಗುಲ ಅಗಲದ ಪಟ್ಟಿ 80 ಪೌಂಡ್ ಎಳೆತ ತಡೆಯಬೇಕು. ಈಗ ಬಹುತೇಕರು ಪಾಲಿಯೆಸ್ಟರ್ ಹಾಕುತ್ತಾರೆ. ಅದನ್ನು ಅಂಟಿಸಿ, ಇಸ್ತ್ರಿಪೆಟ್ಟಿಗೆಯಿಂದ ಮೂರು ಸುತ್ತಿನಲ್ಲಿ ಬಿಗಿಗೊಳಿಸುತ್ತಾರೆ: ಸುಮಾರು 120, 150, ಕೊನೆಗೆ 175 ಡಿಗ್ರಿ ಸೆಲ್ಸಿಯಸ್. ಇಸ್ತ್ರಿಯ ಗುಂಡಿಯ ಮೇಲಿನ ಅಂಕಿ ನಂಬುವಂತಿಲ್ಲ, ಥರ್ಮಾಮೀಟರ್ ಇಟ್ಟೇ ನೋಡಬೇಕು. 190 ದಾಟಿತೋ, ಬಟ್ಟೆ ಸಡಿಲಾಗುತ್ತದೆ. ಮತ್ತೆ ಬಿಗಿಯುವುದಿಲ್ಲ, ಕಿತ್ತು ಹೊಸದು ಹಾಕಬೇಕು.

ಹಳೆ ಪದ್ಧತಿಯಲ್ಲಿ ಬಟ್ಟೆಗೆ ಡೋಪ್ ಎಂಬ ಸೆಲ್ಯುಲೋಸ್ ಮೆರುಗು ಕುಡಿಸುತ್ತಾರೆ. ಅದರಲ್ಲಿ ಎರಡು ಬಗೆ: ನೈಟ್ರೇಟ್ ಡೋಪಿನ ಮೇಲೆ ಬ್ಯುಟಿರೇಟ್ ಡೋಪ್ ಹಿಡಿಯುತ್ತದೆ. ತಿರುವುಮುರುವಾದರೆ ಕಿತ್ತು ಬರುತ್ತದೆ. ಅದರ ಮೇಲೆ ಬೆಳ್ಳಿಬಣ್ಣ. ಅದು ಚೆಂದಕ್ಕಲ್ಲ. ಬಿಸಿಲಿನ ನೇರಳಾತೀತ ಕಿರಣ ಬಟ್ಟೆಯ ಎಳೆಯನ್ನು ಮುಟ್ಟದಂತೆ ಅಲ್ಯೂಮಿನಿಯಂ ಪುಡಿ ತಡೆಯುತ್ತದೆ. ಲೀಟರಿಗೆ 25 ಗ್ರಾಂ ಪೇಸ್ಟು ಸಾಕು; ಹೆಚ್ಚು ಸುರಿದರೆ ಪದರ ಪದರವಾಗಿ ಎದ್ದು ಬರುತ್ತದೆ. ಕತ್ತಲಲ್ಲಿ ರೆಕ್ಕೆಯೊಳಗೆ ಬಲ್ಬು ಹಿಡಿದಾಗ ಹೊರಗೆ ಬೆಳಕು ಕಾಣದಿದ್ದರೆ ಬೆಳ್ಳಿ ಸರಿಯಾಗಿ ಕೂತಿದೆ ಎಂದರ್ಥ. ಪ್ರಾಯೋಜಕರ ಬಣ್ಣದ ಸರದಿ ಬರುವುದು ಅದಾದ ಮೇಲೆ.

ಆರಿದ್ರಾ ಮಳೆ ಹಿಡಿದ ಧಾರವಾಡದಂಥ ಹವೆಯಲ್ಲಿ ಡೋಪ್ ಹೊಡೆಯಲೇಬಾರದು. ಥಿನ್ನರ್ ಬೇಗ ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ, ಗಾಳಿಯ ತೇವ ಅಲ್ಲೇ ಇಬ್ಬನಿಯಾಗಿ ಕೂರುತ್ತದೆ, ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಅದು ಬರೀ ಕಲೆಯಲ್ಲ. ಆ ಪದರಕ್ಕೆ ಬಲವೇ ಇರುವುದಿಲ್ಲ. ನಿಧಾನ ಆರುವ ಥಿನ್ನರನ್ನು ತೆಳ್ಳಗೆ ಹೊಡೆದು ಕೆಲವೊಮ್ಮೆ ಉಳಿಸಿಕೊಳ್ಳಬಹುದು, ಯಾವಾಗಲೂ ಅಲ್ಲ. ಕಾರಿನ ಬಣ್ಣ ಹೊಡೆದರೆ ಆಗದೇ? ಆಗದು. ಬಟ್ಟೆ ಬಾಗುತ್ತದೆ, ಕಾರಿನ ಬಣ್ಣ ಬಾಗುವುದಿಲ್ಲ. ಎರಡು ಹಂಗಾಮಿನಲ್ಲಿ ಬಿರುಕು ಬಿಡುತ್ತದೆ.

ಇನ್ನು ತೂಕ. ಸ್ಟಿಯರ್‌ಮನ್ ರೆಕ್ಕೆಗಳ ವಿಸ್ತಾರ ಸುಮಾರು 27.6 ಚದರ ಮೀಟರ್, ರೆಕ್ಕೆಗಳ ಮೇಲ್ಮೈ, ಅಡಿಮೈ ಎರಡೂ ಸೇರಿ 55. ಆರಿದ ಮೇಲೆ 25 ಮೈಕ್ರಾನ್ ದಪ್ಪ ಉಳಿಯುವ ಒಂದು ಕೈ ಬಣ್ಣ ಚದರ ಮೀಟರಿಗೆ ಸುಮಾರು 35 ಗ್ರಾಂ ತೂಗುತ್ತದೆ. ಎರಡು ಕೈಗೆ ಹತ್ತಿರ ಹತ್ತಿರ ನಾಲ್ಕು ಕಿಲೋ. ಪ್ರಾಯೋಜಕರು ಬದಲಾದಾಗಲೆಲ್ಲ ಹಳೆಯದರ ಮೇಲೇ ಹೊಡೆಯುತ್ತ ಹೋದರೆ ಭಾರ ಏರುವುದಷ್ಟೇ ಅಲ್ಲ, ದಪ್ಪ ಪದರ ಗಡುಸಾಗಿ ಉಂಗುರದಾಕಾರದಲ್ಲಿ ಸೀಳುತ್ತದೆ.

ನಾಲ್ಕು ಕಿಲೋಗಿಂತ ಅಪಾಯದ್ದು ನೂರೈವತ್ತು ಗ್ರಾಂ. ಬಾಲದ ಚುಕ್ಕಾಣಿ ಎಲ್ಲರಿಗೂ ಕಾಣುವ ಜಾಗ, ಪ್ರಾಯೋಜಕರು ಮೊದಲು ಕೇಳುವುದೂ ಅದನ್ನೇ. ಚುಕ್ಕಾಣಿ ತನ್ನ ಕೀಲಿನ ಮೇಲೆ ತಕ್ಕಡಿಯ ದಂಡಿಗೆಯಂತೆ ತಿರುಗುತ್ತದೆ. ಕೀಲಿನಿಂದ ಸರಾಸರಿ 30 ಸೆಂಟಿಮೀಟರ್ ಹಿಂದೆ 150 ಗ್ರಾಂ ಬಣ್ಣ ಕೂತರೆ, 10 ಸೆಂಟಿಮೀಟರ್ ಮುಂದಿರುವ ಸೀಸದ ತೂಕಕ್ಕೆ ಇನ್ನೂ 450 ಗ್ರಾಂ ಸೇರಿಸಬೇಕು. ಸೇರಿಸದಿದ್ದರೆ ಒಂದು ವೇಗದಲ್ಲಿ ಚುಕ್ಕಾಣಿ ತಾನಾಗಿ ಪಟಪಟ ಬಡಿದುಕೊಳ್ಳಲು ತೊಡಗುತ್ತದೆ, ಕೆಲವೇ ಕ್ಷಣದಲ್ಲಿ ಬಾಲವೇ ಮುರಿದೀತು. ಅದಕ್ಕೇ ಬಣ್ಣ ಹೊಡೆದ ಚುಕ್ಕಾಣಿಯನ್ನು ಬಿಚ್ಚಿ, ತೂಗಿ, ಸಮತೋಲ ನೋಡಿಯೇ ಮತ್ತೆ ಕೂರಿಸುತ್ತಾರೆ. ಹೆಸರಿಗೆ ಒಳ್ಳೆಯ ಜಾಗ ವಿಮಾನದ ಪಕ್ಕೆ, ಇಲ್ಲವೇ ಕೆಳರೆಕ್ಕೆಯ ಅಡಿ. ಅಲ್ಲೂ ನೋಂದಣಿ ಅಕ್ಷರಗಳಿಗೆ ಜಾಗ ಬಿಡಬೇಕು: ಪಕ್ಕೆಯಲ್ಲಿ 30, ರೆಕ್ಕೆಯಡಿ 50 ಸೆಂಟಿಮೀಟರ್ ಎತ್ತರ.

ಗಾಢ ಬಣ್ಣ ಕೇಳಿದರೆ ಶಾಖದ ಲೆಕ್ಕ ಬರುತ್ತದೆ. ಮರದ ಮಾಸ್ಕಿಟೋ ವಿಮಾನಗಳು 1944ರಲ್ಲಿ ಭಾರತ-ಬರ್ಮಾ ಕಡೆ ಬಂದಾಗ ಕೆಲವದರ ಅಂಟು ಬಿಟ್ಟು ಅನಾಹುತಗಳಾದವು. ಜೋಡಣೆಯ ಕೊರತೆಯೂ ಇತ್ತು, ಬಿಸಿಲು-ತೇವವೂ ಸೇರಿತು. ಆಮೇಲೆ ಅವುಗಳಿಗೆ ಬೆಳ್ಳಿಬಣ್ಣ ಬಂತು. ಸೈನಿಕ ವಿಮಾನವಲ್ಲದಿದ್ದರೂ 1996ರ ಕಾಂಕಾರ್ಡ್ ಎಂಬ ಶಬ್ದಾತೀತ ಪ್ರಯಾಣಿಕ ವಿಮಾನ ಇಲ್ಲಿ ನೆನಪಾಗುತ್ತದೆ. ಪೆಪ್ಸಿಗಾಗಿ ಅದರ ಮೈಗೆ ನೀಲಿ ಬಳಿದರು, ಇಂಧನ ತುಂಬಿದ ರೆಕ್ಕೆಗಳನ್ನು ಬೆಳ್ಳಗೇ ಬಿಟ್ಟರು. ಶಬ್ದದ ಎರಡು ಪಟ್ಟು ವೇಗದಲ್ಲಿ ಒಮ್ಮೆಗೆ 20 ನಿಮಿಷಕ್ಕಿಂತ ಹೆಚ್ಚು ಹಾರಬೇಡಿ ಎಂಬ ಎಚ್ಚರಿಕೆಯೂ ಜೊತೆಗಿತ್ತು. ಕೆಂಪಿನ ಕಷ್ಟ ಬೇರೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಉಳಿಸಲು ಶೀತಲಗೃಹ ಬೇಕಾಗುತ್ತದೆ. ಹಲವು ಕೆಂಪು ಬಣ್ಣಗಳೂ ಬಿಸಿಲಿಗೆ ಹಾಗೇ ಸೋಲುತ್ತವೆ.

ಹಾರ್ವರ್ಡ್‌ನಂಥ ಲೋಹದ ಮೈಗೆ ಕ್ರಮ ಬೇರೆ: ಜಿಡ್ಡು ತೊಳೆ, ಆಮ್ಲದಲ್ಲಿ ಉಜ್ಜು, ಕ್ರೋಮೇಟ್ ಲೇಪ ಕೊಡು, ಎಪಾಕ್ಸಿ ಪ್ರೈಮರ್, ಮೇಲೆ ಪಾಲಿಯುರಿಥೇನ್. ಉಕ್ಕಿನ ನಾರಿನಿಂದ ಉಜ್ಜಬಾರದು. ಅದರ ಚೂರು ಅಲ್ಯೂಮಿನಿಯಂನಲ್ಲಿ ಹುದುಗಿ ಸುತ್ತಲೂ ಸವೆತ ಶುರುವಾಗುತ್ತದೆ. ಹತ್ತಿರದಲ್ಲಿ ಎಲ್ಲೋ ಸಿಲಿಕೋನ್ ಪಾಲಿಶ್ ಬಳಸಿದ್ದರೂ ಬಣ್ಣದಲ್ಲಿ ಮೀನುಕಣ್ಣಿನಂಥ ಗುಳಿ ಏಳುತ್ತವೆ. ಒಂದೇ ಹಂಗಾಮಿನ ಒಪ್ಪಂದವಾದರೆ ಲೋಹದ ಮೇಲೆ ಸ್ಟಿಕ್ಕರ್ ನಡೆಯುತ್ತದೆ, ಆದರೆ ಮುಂಚೂಣಿ ಅಂಚು ಗಾಳಿಗೆ ಎದುರಾಗದಂತೆ ಅಂಟಿಸಬೇಕು, ಹಂಗಾಮು ಮುಗಿದೊಡನೆ ತೆಗೆಯಬೇಕು. ಅಡಿಯಲ್ಲಿ ತೇವ ಕೂತರೆ ಹುಳು ಹರಿದಂತೆ ಸಣ್ಣ ಗೆರೆಗಳಲ್ಲಿ ಲೋಹ ಸವೆಯುತ್ತದೆ. ಬಟ್ಟೆಯ ಮೇಲೆ ಸ್ಟಿಕ್ಕರ್ ಬೇಡ. ಕೀಳುವಾಗ ಬಣ್ಣವನ್ನೂ ಎಳೆದುಕೊಂಡು ಬರುತ್ತದೆ.

ಕೊನೆಯ ಕೆಲಸ, ಬಣ್ಣ ತಾಗದಂತೆ ಅಂಟಿಸಿದ್ದ ಟೇಪು ಬಿಚ್ಚುವುದು. ರೆಕ್ಕೆಯಡಿ ನೀರು ಬಸಿಯುವ ತೂತುಗಳನ್ನು ಬಣ್ಣ ಮುಚ್ಚಿದ್ದರೆ ಒಳಗಿನ ಮರ ಕೊಳೆಯುತ್ತದೆ. ಗಾಳಿಯ ಒತ್ತಡ ಅಳೆಯುವ ಸಣ್ಣ ರಂಧ್ರಗಳ ಮೇಲೆ ಟೇಪು ಉಳಿದರೆ ಎತ್ತರ, ವೇಗ ಎರಡೂ ಸುಳ್ಳಾಗುತ್ತವೆ. 1996ರ ಅಕ್ಟೋಬರಿನಲ್ಲಿ ಪೆರುವಿನ ಬೋಯಿಂಗ್ 757 ಒಂದನ್ನು ತೊಳೆದವರು ಆ ಟೇಪು ತೆಗೆಯಲು ಮರೆತರು. 70 ಜನ ಸತ್ತರು. ಅದಕ್ಕೇ ಆ ರಂಧ್ರಗಳಿಗೆ ಲೋಹದ ಬಣ್ಣದ ಟೇಪು ಹಾಕಬಾರದು. ಕಡುಗೆಂಪು ಟೇಪೇ ಇರಲಿ, ಪ್ರತಿಯೊಂದಕ್ಕೂ ಗೇಣುದ್ದ ಬಾಲ ಬಿಟ್ಟಿರಲಿ. ಎಷ್ಟು ಅಂಟಿಸಿದಿರೆಂದು ಗೋಡೆಯ ಮೇಲೆ ಬರೆದಿಡಿ, ಬಿಚ್ಚಿದ್ದನ್ನು ಎಣಿಸಿ ತಾಳೆ ನೋಡಿ.