ಆಡಿಯೋ ಇಳಿಸೋದು ಸುಲಭ, ಹೆಸರಿಡೋದೇ ಕಷ್ಟ

ಅಮ್ಮನಿಗೆ ತಾಳಮದ್ದಳೆ ಹುಚ್ಚು. ಊರಿನ ಸಂಘದವರು ಐದಾರು ವರ್ಷ ತಮ್ಮ ಕೂಟಗಳನ್ನೆಲ್ಲ ಯೂಟ್ಯೂಬಿಗೆ ಹಾಕಿದ್ದರು, ಒಂದೊಂದೂ ನಾಲ್ಕೈದು ಗಂಟೆಯದು. ನಮ್ಮ ಮನೆ ಇರುವುದು ಸಾಗರದಿಂದ ಒಳಗೆ, ಗುಡ್ಡದ ಮರೆಯಲ್ಲಿ. ನೆಟ್‌ವರ್ಕ್ ಸಿಗುವುದು ತುಳಸಿಕಟ್ಟೆ ಹತ್ತಿರ ಮಾತ್ರ, ಅದೂ ಮಳೆ ಇಲ್ಲದಿದ್ದರೆ. "ಎಂಥ ಮಾರಾಯ, ಭಾಗವತರು ಪದ್ಯ ಎತ್ತುತ್ತಾರೆ, ಅಷ್ಟರಲ್ಲಿ ಅದು ಸುತ್ತುತ್ತಾ ಕೂತುಬಿಡ್ತದೆ" ಅಂತ ಅಮ್ಮ ಹೇಳಿದಾಗ ನನಗೆ ಹೊಳೆದಿದ್ದು ಇಷ್ಟೇ: ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಾಡುವ ಜನ ಅಷ್ಟೇ. ಆ ಚಿತ್ರವನ್ನು ಗುಡ್ಡ ಹತ್ತಿಸಿ ಮನೆವರೆಗೆ ಯಾಕೆ ತರಬೇಕು? ಧ್ವನಿ ಒಂದನ್ನೇ ಇಳಿಸಿ ಫೋನಿಗೆ ಹಾಕಿಕೊಟ್ಟರೆ ಆಯಿತಲ್ವಾ. ಅದಕ್ಕೊಂದು ಸ್ವಂತ ಟೂಲ್ ಬರೆಯಲು ಕೂತೆ.

ಸಂಘದ ಕಾರ್ಯದರ್ಶಿಯವರನ್ನು ಕೇಳಿದೆ. ಮೂಲ ರೆಕಾರ್ಡಿಂಗ್ ಇದ್ದ ಹಾರ್ಡ್ ಡಿಸ್ಕ್ ಯಾವತ್ತೋ ಸತ್ತಿತ್ತು, ಚಾನೆಲ್ಲಿನ ಪಾಸ್‌ವರ್ಡ್ ಗೊತ್ತಿದ್ದ ಹುಡುಗ ದುಬೈಗೆ ಹೋಗಿದ್ದ. "ಇಳಿಸಿಕೊಳ್ಳಿ, ನಮಗೂ ಒಂದು ಪ್ರತಿ ಕೊಡಿ" ಅಂದರು. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಇದೆ. ಹಕ್ಕು ಇರುವವರು ಒಪ್ಪಿದರೂ ಯೂಟ್ಯೂಬಿನ ನಿಯಮ ಬೇರೆಯೇ ಇದೆ, ಅವರೇ ಕೊಟ್ಟ ದಾರಿ ಬಿಟ್ಟು ಬೇರೆ ರೀತಿ ಇಳಿಸುವುದಕ್ಕೆ ಅದು ಒಪ್ಪುವುದಿಲ್ಲ. ಚಾನೆಲ್ ನಿಮ್ಮದೇ ಆಗಿದ್ದು ಪಾಸ್‌ವರ್ಡ್ ಕೈಯಲ್ಲಿದ್ದರೆ ಈ ಯಾವ ಸರ್ಕಸ್ಸೂ ಬೇಡ, ಯೂಟ್ಯೂಬ್ ಸ್ಟುಡಿಯೋದಲ್ಲಿ ಒಂದೊಂದಾಗಿ, ಇಲ್ಲವೇ ಗೂಗಲ್ ಟೇಕ್‌ಔಟ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಬಹುದು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಸ್ವಂತ ಬಳಕೆಗೆ ಸ್ವಲ್ಪ ಜಾಗ ಬಿಟ್ಟಿದೆ ನಿಜ. ಆದರೆ ಅದನ್ನು ನೆಪ ಮಾಡಿಕೊಂಡು ಯಾರದ್ದೋ ಸಿನಿಮಾ ಹಾಡನ್ನು ಇಳಿಸಿ ವಾಟ್ಸಾಪ್ ಗುಂಪಿಗೆ ಹಂಚುವವರಿಗೆ ನನ್ನ ಸಹಾಯ ಇಲ್ಲ.

ಸರಿ, ಕೆಲಸದ ಮಾತು.

ಹನ್ನೆರಡು ವರ್ಷದಿಂದ ಪ್ರೋಗ್ರಾಂ ಬರೆದೇ ಹೊಟ್ಟೆ ಹೊರೆಯುತ್ತಿರುವವನು ನಾನು, ಆದ್ದರಿಂದ ಮೊದಲು ಮಾಡಿದ್ದು ಶುದ್ಧ ಜಂಬದ ಕೆಲಸ. ವಿಡಿಯೋದ ಪುಟವನ್ನು ಪೈಥಾನ್‌ನಿಂದ ತೆಗೆದು, ಅದರೊಳಗೆ ಜೇಸನ್ (ಯಂತ್ರ ಓದುವ ಪಟ್ಟಿ) ರೂಪದಲ್ಲಿ ಕೂತಿರುವ ಧ್ವನಿ-ಚಿತ್ರದ ಸ್ಟ್ರೀಮ್‌ಗಳ ಪಟ್ಟಿ ಹುಡುಕಿ, ಆಡಿಯೋದ ಕೊಂಡಿಯನ್ನು ನಾನೇ ಹೆಕ್ಕುತ್ತೇನೆ ಅಂತ ಹೊರಟೆ. ಒಂದು ವಿಡಿಯೋಗೆ ಬಂತು. ಇನ್ನೊಂದರಲ್ಲಿ ಕೊಂಡಿಯ ಜಾಗದಲ್ಲಿ ಕಲಸಿಟ್ಟ ಸಹಿ, ಅಂದರೆ ಒಂದು ಗುಟ್ಟಿನ ಕೋಡ್ ಇತ್ತು, ಅದನ್ನು ಬಿಡಿಸುವ ಸೂತ್ರ ಪ್ಲೇಯರ್‌ನ ಜಾವಾಸ್ಕ್ರಿಪ್ಟ್ ಒಳಗೆ. ಅದನ್ನೂ ಬಿಡಿಸಿದೆ. ಆಮೇಲೆ ನೋಡಿದರೆ ಫೈಲ್ ಬಸವನಹುಳದ ಹಾಗೆ ಇಳಿಯುತ್ತಿದೆ, ಯಾಕೆಂದರೆ ಕೊಂಡಿಯಲ್ಲಿ 'ಎನ್' ಅನ್ನುವ ಇನ್ನೊಂದು ಕೋಡ್ ಇರುತ್ತದೆ, ಅದನ್ನೂ ಅದೇ ಜಾವಾಸ್ಕ್ರಿಪ್ಟ್ ಓಡಿಸಿ ಬದಲಿಸದಿದ್ದರೆ ವೇಗವನ್ನು ಬೇಕಂತಲೇ ಕಡಿಮೆ ಮಾಡುತ್ತಾರೆ. ಎರಡು ಶನಿವಾರ ಹೋಯಿತು. ಮೂರನೇ ಶನಿವಾರ ಪ್ಲೇಯರ್ ಬದಲಾಗಿ, ಬರೆದಿದ್ದೆಲ್ಲ ಕಸ. ತಪ್ಪು ನನ್ನದೇ, ದಿನಾ ಬದಲಾಗುವ ಜಾಗದಲ್ಲಿ ಮನೆ ಕಟ್ಟಲು ಹೋಗಿದ್ದೆ.

ಆ ಭಾಗವನ್ನು ನೀವು ಬರೆಯಬೇಡಿ. ಅದಕ್ಕೇ ಅಂತ ಜನ ಇದ್ದಾರೆ. 2006ರಲ್ಲಿ ಶುರುವಾದ, ವಿಡಿಯೋ ಇಳಿಸುವ ಪ್ರೋಗ್ರಾಂ ಯೂಟ್ಯೂಬ್-ಡಿಎಲ್, ಅದರ ಕವಲಾಗಿ ಬೆಳೆದು ಈಗ ಹೆಚ್ಚು ಚುರುಕಾಗಿರುವ ವೈಟಿ-ಡಿಎಲ್‌ಪಿ. ಎರಡೂ ಪೈಥಾನ್‌ನವು, ಎರಡೂ ತೆರೆದ ಆಕರ (ಓಪನ್ ಸೋರ್ಸ್). 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ರೆಕಾರ್ಡಿಂಗ್ ಕಂಪನಿಗಳ ಸಂಘ ದೂರು ಕೊಟ್ಟು ಯೂಟ್ಯೂಬ್-ಡಿಎಲ್ ಅನ್ನು ಗಿಟ್‌ಹಬ್ ಅನ್ನುವ ಕೋಡ್ ಹಂಚುವ ತಾಣದಿಂದ ತೆಗೆಸಿತ್ತು, ನವೆಂಬರ್‌ನಲ್ಲಿ ಅದು ವಾಪಸ್ ಬಂತು. ಪುಟ ಬದಲಾದಾಗಲೆಲ್ಲ ಪ್ರಪಂಚದ ಯಾವುದೋ ಮೂಲೆಯಲ್ಲಿ ಯಾರೋ ಎದ್ದು ಕೂತು ಅದನ್ನು ಸರಿಮಾಡುತ್ತಾರೆ, ನಾವು ಅಪ್‌ಡೇಟ್ ಮಾಡಿಕೊಂಡರೆ ಸಾಕು. ಈಚೆಗೆ ಯೂಟ್ಯೂಬಿಗಾಗಿ ಡೆನೋದಂಥ ಒಂದು ಜಾವಾಸ್ಕ್ರಿಪ್ಟ್ ರನ್‌ಟೈಮ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಕೂಡ ಪಕ್ಕದಲ್ಲಿ ಇರಬೇಕು ಅಂದಿದ್ದಾರೆ. ಅಂದರೆ ಒಗಟು ಅಷ್ಟು ದೊಡ್ಡದಾಗಿದೆ ಅಂತ ಅರ್ಥ. ಶನಿವಾರದ ಕೆಲಸ ಅದಲ್ಲ.

ಹಾಗಾದರೆ ಸ್ವಂತ ಟೂಲ್ ಅಂದರೆ ಏನು? ವೈಟಿ-ಡಿಎಲ್‌ಪಿಯನ್ನು ಲೈಬ್ರರಿಯಾಗಿ, ಅಂದರೆ ಸಿದ್ಧ ಭಾಗವಾಗಿ, ನಮ್ಮ ಪ್ರೋಗ್ರಾಂ ಒಳಗೆ ತಂದುಕೊಂಡು, ನಮಗೆ ಏನು ಬೇಕು ಅಂತ ಒಂದು ಡಿಕ್ಷನರಿಯಲ್ಲಿ (ಪೈಥಾನ್‌ನ ಒಂದು ಬಗೆಯ ಪಟ್ಟಿ) ಬರೆದುಕೊಟ್ಟರೆ ಇಳಿಸುವ ಕೆಲಸ ಇಪ್ಪತ್ತು ಸಾಲಿನಲ್ಲಿ ಮುಗಿಯುತ್ತದೆ. ಉಳಿದಿದ್ದೆಲ್ಲ ನಮ್ಮ ಮನೆಯ ಕಥೆ, ಅದು ಅವರಿಗೆ ಗೊತ್ತಿಲ್ಲ, ನಮಗೇ ಗೊತ್ತು. ಟೂಲ್ ಬರೆಯಬೇಕಾದ್ದು ಅದಕ್ಕೇ.

ಮೊದಲನೆಯದು, ಎಂಪಿ3ಗೆ 'ಕನ್ವರ್ಟ್' ಮಾಡುವ ಚಟ ಬಿಡಿ. ಯೂಟ್ಯೂಬಿನಲ್ಲಿ ಚಿತ್ರ ಮತ್ತು ಧ್ವನಿ ಬಹುಮಟ್ಟಿಗೆ ಬೇರೆಬೇರೆ ಫೈಲ್‌ಗಳಾಗಿಯೇ ಇರುತ್ತವೆ, ನೋಡುವಾಗ ಪ್ಲೇಯರ್ ಎರಡನ್ನೂ ಜೋಡಿಸುತ್ತದೆ. 140ನೇ ನಂಬರಿನ ಫಾರ್ಮ್ಯಾಟ್ ಅಂದರೆ ಎಂ4ಎ ಫೈಲ್, ಒಳಗೆ ಸುಮಾರು 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೋಬಿಟ್) ಎಎಸಿ ಧ್ವನಿ. 251 ಅಂದರೆ ಓಪಸ್ ಅನ್ನುವ ಇನ್ನೊಂದು ಬಗೆ. ಎರಡೂ ಈಗಾಗಲೇ ಹಿಂಡಿ ಸಣ್ಣದು ಮಾಡಿದವು. ಅದನ್ನು ಎಂಪಿ3 ಮಾಡುವುದು ಅಂದರೆ ಬಿಚ್ಚಿ ಮತ್ತೊಮ್ಮೆ ಹಿಂಡುವುದು, ಜೆರಾಕ್ಸ್‌ನ ಜೆರಾಕ್ಸ್. 320 ಕೆಬಿಪಿಎಸ್ ಅಂತ ಹಾಕಿದರೆ ಫೈಲ್ ದಪ್ಪ ಆಗುತ್ತದೆಯೇ ಹೊರತು ಹೋದದ್ದು ವಾಪಸ್ ಬರುವುದಿಲ್ಲ. ಮಾತಿನಲ್ಲಿ ಇದು ಗೊತ್ತಾಗುವುದು ಕಡಿಮೆ, ಆದರೆ ಚಂಡೆಯ ಪೆಟ್ಟಿನಲ್ಲಿ ಕಿವಿಗೆ ಸಿಕ್ಕಿಬೀಳುತ್ತದೆ. ಕಡಿಮೆ ಬಿಟ್‌ರೇಟಿನ ಎಂಪಿ3ಯಲ್ಲಿ ಪೆಟ್ಟು ಬೀಳುವ ಒಂದು ಕ್ಷಣ ಮೊದಲೇ ಸಣ್ಣಗೆ 'ಸ್ಸ್' ಅನ್ನುತ್ತದೆ, ಭಾಗವತರ ತಾಳದ ಹೊಳಪು ಮಾಸುತ್ತದೆ. ನನ್ನ ಟೂಲ್ ಎಂ4ಎ ಆಡಿಯೋವನ್ನು ಹಾಗೇ ಎತ್ತಿಕೊಂಡು ಬರುತ್ತದೆ, ಎಫ್‌ಎಫ್‌ಎಂಪೆಗ್ (ಧ್ವನಿ-ಚಿತ್ರದ ಫೈಲ್ ಬದಲಿಸುವ, ಕತ್ತರಿಸುವ ಪ್ರೋಗ್ರಾಂ) ಇರುವುದು ಡಬ್ಬಿ, ಅಂದರೆ ಧ್ವನಿಯನ್ನು ಸುತ್ತಿದ ಫೈಲಿನ ಹೊರ ರಚನೆ, ಸರಿಮಾಡುವುದಕ್ಕೆ ಮಾತ್ರ. ಲೆಕ್ಕವೂ ಸುಲಭ: 128 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 16 ಕೆಬಿ, ಗಂಟೆಗೆ ಹತ್ತಿರಹತ್ತಿರ 58 ಎಂಬಿ. ಐದು ಗಂಟೆಯ ಕೂಟ 290 ಎಂಬಿ ಒಳಗೆ.

ಎರಡನೆಯದು ಪ್ಲೇಲಿಸ್ಟ್. ಚಿಕ್ಕಪ್ಪ ವಾಟ್ಸಾಪಿನಲ್ಲಿ ಕಳಿಸಿದ ಒಂದು ಕೊಂಡಿಯನ್ನು ಹಾಕಿ ಮಲಗಿದೆ, ಬೆಳಿಗ್ಗೆ ಎದ್ದರೆ ಲ್ಯಾಪ್‌ಟಾಪಿನಲ್ಲಿ ಜಾಗವೇ ಇಲ್ಲ. ಕೊಂಡಿಯ ಬಾಲದಲ್ಲಿ ಪ್ಲೇಲಿಸ್ಟ್‌ನ ಗುರುತು ಅಂಟಿಕೊಂಡಿತ್ತು, ಟೂಲ್ ಪಾಪ ವಿಧೇಯವಾಗಿ ಇಡೀ ಸಾಲನ್ನೇ ಇಳಿಸಿತ್ತು. 'ನೋಪ್ಲೇಲಿಸ್ಟ್' ಅನ್ನುವ ಆಯ್ಕೆಯನ್ನು ಮೊದಲ ದಿನವೇ ಆನ್ ಮಾಡಿಡಿ. ಇಳಿಸಿದವುಗಳ ಲೆಕ್ಕ ಬರೆದಿಡುವ ಆರ್ಕೈವ್ ಫೈಲ್ ಕೂಡ ಹಾಗೆಯೇ. ಅದು ವಿಡಿಯೋದ 11 ಅಕ್ಷರದ ಐಡಿ ನೆನಪಿಟ್ಟುಕೊಂಡು, ಒಮ್ಮೆ ತಂದದ್ದನ್ನು ಮತ್ತೆ ತರುವುದಿಲ್ಲ.

ಇನ್ನು ಹೆಸರು. ಇಲ್ಲೇ ನನ್ನ ಒಂದು ವಾರ ಹೋಗಿದ್ದು, ಮತ್ತು ಇದು ಕನ್ನಡದವರಿಗೇ ಕಾದಿಟ್ಟ ಗುಂಡಿ. ಯೂಟ್ಯೂಬಿನ ಶೀರ್ಷಿಕೆ 100 ಅಕ್ಷರ ಇರಬಹುದು. ನಮ್ಮ ಸಂಘದವರು ಪ್ರಸಂಗದ ಹೆಸರು, ಭಾಗವತರ ಹೆಸರು, ಅರ್ಥಧಾರಿಗಳ (ಪಾತ್ರವಾಗಿ ಮಾತಾಡುವವರ) ಹೆಸರು, ಮನೆಯ ಗೃಹಪ್ರವೇಶದ ನೆನಪು ಎಲ್ಲವನ್ನೂ ಅದರಲ್ಲಿ ತುರುಕಿ, 100 ತುಂಬಿಸಿಯೇ ಬಿಡುತ್ತಾರೆ. ಟೂಲ್ ಅದೇ ಶೀರ್ಷಿಕೆಯನ್ನು ಫೈಲ್ ಹೆಸರು ಮಾಡಲು ಹೋದರೆ ಲಿನಕ್ಸ್ 'ಹೆಸರು ಉದ್ದ ಆಯಿತು' ಅಂತ ಬಾಗಿಲು ಹಾಕುತ್ತದೆ. ಅಲ್ಲಿನ ಮಿತಿ 255, ಆದರೆ ಅದು ಅಕ್ಷರದ ಲೆಕ್ಕ ಅಲ್ಲ, ಬೈಟ್‌ಗಳ ಲೆಕ್ಕ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಪದ್ಧತಿ) ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ ಮೂರು. 'ಕ್ಷ್ಮೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು ಚಿಹ್ನೆ, 18 ಬೈಟ್. ಒಟ್ಟಿನಲ್ಲಿ 85 ಚಿಹ್ನೆ ದಾಟಿದರೆ ಕಥೆ ಮುಗಿಯಿತು. ಇದೇ ಸ್ಕ್ರಿಪ್ಟ್ ವಿಂಡೋಸಿನಲ್ಲಿ ಸುಸೂತ್ರವಾಗಿ ಓಡುತ್ತದೆ, ಅಲ್ಲಿ ಎಣಿಕೆ ಬೇರೆ. ಹಾಗಾಗಿ ಗೆಳೆಯನ ಕಂಪ್ಯೂಟರಿನಲ್ಲಿ ಸರಿ ಇದ್ದದ್ದು ನನ್ನಲ್ಲಿ ಯಾಕೆ ಬೀಳುತ್ತದೆ ಅಂತ ತಲೆ ಕೆರೆದುಕೊಂಡಿದ್ದೇ ಬಂತು.

ಬೈಟ್ ಎಣಿಸಿ ಕತ್ತರಿಸುವ ಸೌಲಭ್ಯ ವೈಟಿ-ಡಿಎಲ್‌ಪಿಯಲ್ಲೇ ಇದೆ. ಆದರೆ ಅದಕ್ಕೆ ಒತ್ತಕ್ಷರ ಗೊತ್ತಿಲ್ಲ. 'ಕೃಷ್ಣ' ಹೋಗಿ 'ಕೃಷ್' ಆದರೆ ಕೃಷ್ಣನಿಗೂ ಬೇಜಾರು. ಇನ್ನೊಂದು ತಂಟೆ ಕಣ್ಣಿಗೆ ಕಾಣುವುದೇ ಇಲ್ಲ: ಕೆಲವು ಪದಗಳ ಮಧ್ಯೆ ಒತ್ತು ಆಗದಂತೆ ತಡೆಯುವ ಅದೃಶ್ಯ ಚಿಹ್ನೆಯೊಂದು ಕೂತಿರುತ್ತದೆ, ಒಬ್ಬರು ಅದನ್ನು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಎದುರಿಗೇ ಇರುವ ಫೈಲ್ ಹುಡುಕಿದರೆ ಸಿಗುವುದಿಲ್ಲ. ಕೊನೆಗೆ ಕೈಬಿಟ್ಟು, ಫೈಲ್ ಹೆಸರಿನಲ್ಲಿ ತಾರೀಖು ಮತ್ತು ಐಡಿ ಮಾತ್ರ ಇಟ್ಟೆ. ಪೂರ್ತಿ ಕನ್ನಡ ಶೀರ್ಷಿಕೆ ಫೈಲಿನ ಒಳಗಿನ ಟ್ಯಾಗಿಗೆ (ವಿವರ ಬರೆದಿಡುವ ಜಾಗ) ಹೋಯಿತು, ಅಲ್ಲಿ ಈ ಮಿತಿ ಇಲ್ಲ. ಅಮ್ಮನ ಫೋನ್ ಟ್ಯಾಗನ್ನೇ ತೋರಿಸುತ್ತದೆ.

ಚಿಕ್ಕಪ್ಪನ ಕಾರಿನ ಸ್ಟೀರಿಯೋ ಮಾತ್ರ ಬಗ್ಗಲಿಲ್ಲ. ಅದು ಎಂ4ಎ ಓದುವುದಿಲ್ಲ, ಎಂಪಿ3 ಬೇಕೇ ಬೇಕು, ಅದಕ್ಕೊಂದು ಪ್ರತ್ಯೇಕ ದಾರಿ ಮಾಡಿದೆ. ಎಫ್‌ಎಫ್‌ಎಂಪೆಗ್ ಸುಮ್ನೆ ಬಿಟ್ಟರೆ ಐಡಿ3 ಅನ್ನುವ ಎಂಪಿ3 ಟ್ಯಾಗಿನ 2.4 ಆವೃತ್ತಿ ಬರೆಯುತ್ತದೆ, ಹಳೆಯ ಸ್ಟೀರಿಯೋಗಳಿಗೆ 2.3 ಆದರೇ ಒಳ್ಳೆಯದು. ಅಷ್ಟು ಮಾಡಿದರೂ ಪರದೆಯ ಮೇಲೆ ಬರೀ ಚೌಕ ಚೌಕ, ಅದರಲ್ಲಿ ಕನ್ನಡ ಫಾಂಟೇ ಇಲ್ಲ. ಅದರ ಟ್ಯಾಗಿಗೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕ ಹೆಸರು ಕೊಟ್ಟು ಕೈತೊಳೆದುಕೊಂಡೆ.

ಆಮೇಲೆ ಅಮ್ಮನಿಂದ ಹೊಸ ದೂರು: ಐದು ಗಂಟೆಯ ಫೈಲಿನಲ್ಲಿ ನಿನ್ನೆ ಎಲ್ಲಿ ನಿಲ್ಲಿಸಿದ್ದು ಅಂತ ಸಿಗುವುದಿಲ್ಲ, ಬೆರಳು ಸ್ವಲ್ಪ ಜಾರಿದರೆ ಒಂದು ಪಾತ್ರದ ಅರ್ಥವೇ ಹಾರಿಹೋಗುತ್ತದೆ. ತುಂಡು ಮಾಡಬೇಕು. ಶೀರ್ಷಿಕೆಯ ಕೆಳಗಿನ ವಿವರಣೆಯಲ್ಲಿ ಸಮಯ ಹಾಕಿ ಅಧ್ಯಾಯ ಮಾಡಿದ್ದರೆ ವೈಟಿ-ಡಿಎಲ್‌ಪಿಯೇ ಅದರ ಪ್ರಕಾರ ತುಂಡು ಮಾಡುತ್ತಿತ್ತು, ನಮ್ಮವರು ಅಲ್ಲಿ ಬರೆದದ್ದು 'ಎಲ್ಲರಿಗೂ ಧನ್ಯವಾದ' ಅಷ್ಟೇ. ಎಫ್‌ಎಫ್‌ಎಂಪೆಗ್‌ನಲ್ಲಿ ಮೌನ ಹುಡುಕುವ ಫಿಲ್ಟರ್ ಇದೆ, ಎಲ್ಲಿ ಸದ್ದಿಲ್ಲವೋ ಅಲ್ಲಿ ಕತ್ತರಿಸೋಣ ಅಂತ ಓಡಿಸಿದೆ. ಒಂದೇ ಒಂದು ಮೌನ ಸಿಗಲಿಲ್ಲ. ಕೇಳಿ ನೋಡಿದಾಗ ಗೊತ್ತಾಯಿತು: ಶ್ರುತಿಪೆಟ್ಟಿಗೆ ನಿಲ್ಲುವುದೇ ಇಲ್ಲ! ಮಾತು ನಿಂತರೂ ಅದು ಹಿಂದೆ ಗುಂಯ್‌ಗುಡುತ್ತಲೇ ಇರುತ್ತದೆ. ಮೌನದ ಮಟ್ಟವನ್ನು ಮೇಲೆ ಏರಿಸಿದರೆ ಅರ್ಥಧಾರಿ ಉಸಿರು ತೆಗೆದುಕೊಂಡ ಕಡೆಯೆಲ್ಲ ತುಂಡು, ನಾನೂರು ಫೈಲ್. ಕೊನೆಗೆ ಅರ್ಧ ಗಂಟೆಗೊಂದು ಅಂತ ಗಡಿಯಾರ ನೋಡಿ ಕತ್ತರಿಸಿದೆ.

ದೀಪಾವಳಿಗೆ ಊರಿಗೆ ಹೋದಾಗ ಅಮ್ಮ ಕಾಫಿ ಕೊಡುತ್ತಾ ಹೇಳಿದಳು, "ಎಲ್ಲ ಚೆನ್ನಾಗಿ ಬರ್ತದೆ ಮಾರಾಯ, ಆದರೆ ಕರ್ಣ ಬಾಯಿ ತೆರೆದ ಅಂದರೆ ಸಾಕು, ಅಲ್ಲೇ ಕತ್ತರಿಸಿದ್ದೀಯ." ಅವತ್ತು ರಾತ್ರಿ ಒಂದು ಸಾಲು ಸೇರಿಸಿದೆ. ಈಗ ಪ್ರತಿ ತುಂಡೂ ಹಿಂದಿನದರ ಕೊನೆಯ 15 ಸೆಕೆಂಡಿನಿಂದ ಶುರುವಾಗುತ್ತದೆ.