ಹನ್ನೆರಡು ಗಂಟೆಯ ಓಟ, ಹೊಟ್ಟೆಯ ಲೆಕ್ಕ

ದಕ್ಷಿಣ ಆಫ್ರಿಕಾದಲ್ಲಿ ಕಾಮ್ರೇಡ್ಸ್ ಮ್ಯಾರಥಾನ್ ಅಂತ ಒಂದು ಓಟ ನಡೆಯುತ್ತದೆ. ಹೆಸರಿಗೆ ಮ್ಯಾರಥಾನ್, ದೂರ ಮಾತ್ರ ಅದರ ಎರಡರಷ್ಟು. ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ಊರುಗಳ ನಡುವೆ ಸುಮಾರು 88 ಕಿಲೋಮೀಟರ್. 1893ರಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಇಳಿಸಿದ ಊರು ಇದೇ ಪೀಟರ್‌ಮಾರಿಟ್ಸ್‌ಬರ್ಗ್. ಓಟಗಾರರು ಹೊರಡುವಾಗ ಇನ್ನೂ ಕತ್ತಲಿರುತ್ತದೆ. ಧ್ವನಿವರ್ಧಕದಲ್ಲಿ ಒಂದು ಹುಂಜ ಕೂಗುತ್ತದೆ. ಅದು ಮನುಷ್ಯನ ಕೂಗು. 1948ರಲ್ಲಿ ಮ್ಯಾಕ್ಸ್ ಟ್ರಿಂಬಾರ್ನ್ ಎಂಬ ಓಟಗಾರ ಹುರುಪು ತಡೆಯಲಾಗದೆ ಹುಂಜದ ಹಾಗೆ ಕೂಗಿದ್ದ. ಜನರಿಗೆ ಅದು ಹಿಡಿಸಿತು. ಅವನು ತೀರಿಕೊಂಡ ಮೇಲೂ ಅವನ ದನಿಯ ರೆಕಾರ್ಡಿಂಗ್ ಹಾಕುತ್ತಾರೆ.

ಈ ಓಟ ಶುರು ಮಾಡಿದ್ದು ವಿಕ್ ಕ್ಲಾಪಮ್ ಎಂಬ ರೈಲ್ವೆ ಡ್ರೈವರ್. ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾದ ಕಾಡುಮೇಡು ನಡೆದು ಬಂದ ಸೈನಿಕ. ಸತ್ತ ಜೊತೆಗಾರರ ನೆನಪಿಗೆ ಕಲ್ಲಿನ ಕಂಬ ಬೇಡ, ಮೈ ದಣಿಯುವಂಥ ಒಂದು ಓಟ ಇರಲಿ ಅಂತ ಅವರ ಆಸೆ. 1921ರಲ್ಲಿ 34 ಮಂದಿ ಹೊರಟರು, 16 ಮಂದಿ ತಲುಪಿದರು. ಈಗ ಸಾವಿರಾರು ಮಂದಿ ಓಡುತ್ತಾರೆ. ನಮ್ಮ ದೇಶದಿಂದಲೂ ನೂರಾರು ಜನ ಹೋಗುತ್ತಾರೆ, ಬೆಂಗಳೂರಿನವರೂ ಇರುತ್ತಾರೆ.

42.195 ಕಿಲೋಮೀಟರ್ ದಾಟಿದ ಯಾವ ಓಟವಾದರೂ ಅಲ್ಟ್ರಾ ಮ್ಯಾರಥಾನ್. ಈ ಮಾತು ಕೇಳಿದ ಕೂಡಲೇ ಹೆಚ್ಚಿನವರು ಹೇಳುವುದು, "ಅಷ್ಟು ಗಟ್ಟಿ ಕಾಲು ನಮಗೆಲ್ಲಿ ಬರಬೇಕು?" ಆದರೆ ಅಲ್ಟ್ರಾದಲ್ಲಿ ಕಾಲಿಗಿಂತ ಮೊದಲು ಕೈಕೊಡುವುದು ಹೊಟ್ಟೆ. ಅದನ್ನು ನಿಭಾಯಿಸಲು ಕಲಿತ ಸಾಧಾರಣ ಮನುಷ್ಯರು, ಐವತ್ತು ದಾಟಿದವರು, ಈ ಓಟಗಳನ್ನು ಮುಗಿಸುತ್ತಾರೆ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಓಡುವಾಗ ಪ್ರತಿ ಕಿಲೋಮೀಟರಿಗೆ, ಮೈತೂಕದ ಪ್ರತಿ ಕಿಲೋಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಖರ್ಚು. 65 ಕಿಲೋ ತೂಗುವವರು 88 ಕಿಲೋಮೀಟರ್ ಓಡಿದರೆ ಸುಮಾರು 5,700 ಕ್ಯಾಲೊರಿ ಬೇಕು. ನಮ್ಮ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಸಕ್ಕರೆಯ ಒಂದು ದಾಸ್ತಾನು ಇದೆ, ಗ್ಲೈಕೋಜನ್ ಅಂತ. ಅದು ಅರ್ಧ ಕಿಲೋ ಇದ್ದರೆ ಹೆಚ್ಚು, ಅಂದರೆ ಸುಮಾರು 2,000 ಕ್ಯಾಲೊರಿ. ಮ್ಯಾರಥಾನ್ ಓಡುವವರು 30 ಕಿಲೋಮೀಟರ್ ದಾಟಿದ ಮೇಲೆ ಇದ್ದಕ್ಕಿದ್ದಂತೆ ಕುಸಿಯುವುದು ಈ ದಾಸ್ತಾನು ಬರಿದಾದಾಗ.

ಕೊಬ್ಬು ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಬೇಕಾದಷ್ಟಿದೆ. ಸಪೂರ ಇರುವವರ ಮೈಯಲ್ಲೂ ಹತ್ತು ಕಿಲೋ ಕೊಬ್ಬಿದ್ದರೆ ಅದು 70 ಸಾವಿರಕ್ಕೂ ಜಾಸ್ತಿ ಕ್ಯಾಲೊರಿ. ಆದರೆ ಗ್ಲೈಕೋಜನ್ ಜೇಬಿನಲ್ಲಿರುವ ಕಾಸು, ಕೊಬ್ಬು ಊರಲ್ಲಿರುವ ಜಮೀನು. ಜಮೀನು ಎಷ್ಟೇ ಇದ್ದರೂ ಅದನ್ನು ತೋರಿಸಿ ಬಸ್ ಟಿಕೆಟ್ ತೆಗೆಯೋಕೆ ಆಗಲ್ಲ, ಅಲ್ವಾ? ಕೊಬ್ಬು ನಿಧಾನಕ್ಕೆ ಕರಗುತ್ತದೆ, ಸುಡಲು ಆಮ್ಲಜನಕವೂ ಜಾಸ್ತಿ ಬೇಕು. ವೇಗ ಹೆಚ್ಚಿದಷ್ಟೂ ದೇಹ ಸಕ್ಕರೆಯ ಕಡೆಗೇ ವಾಲುತ್ತದೆ. ಪಕ್ಕದವರ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನವಾದರೆ ಕೊಬ್ಬಿನ ಪಾಲು ಏರುತ್ತದೆ. ಅಲ್ಟ್ರಾ ಓಟಗಾರರು ಏರು ಬಂದಾಗ ನಡೆಯುವುದು ಸೋತು ಅಲ್ಲ, ಕಾಸು ಉಳಿಸಲು.

ಉಳಿದದ್ದನ್ನು ದಾರಿಯಲ್ಲಿ ತಿನ್ನಬೇಕು. ಗ್ಲೂಕೋಸನ್ನು ಕರುಳು ಗಂಟೆಗೆ ಸುಮಾರು 60 ಗ್ರಾಂವರೆಗೆ ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಬಾಗಿಲು ಅಷ್ಟೇ ಅಗಲ. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್‌ಗೆ ಬೇರೆ ಬಾಗಿಲಿದೆ, ಎರಡನ್ನೂ ಬೆರೆಸಿದರೆ 90 ಗ್ರಾಂವರೆಗೆ ಹೋಗಬಹುದು. ಕಾಗದದ ಮೇಲೆ ಲೆಕ್ಕ ಸರಿಹೋಯಿತು. ಆದರೆ ಓಡುವಾಗ ರಕ್ತವೆಲ್ಲ ಕಾಲಿನ ಸ್ನಾಯುಗಳಿಗೆ, ಮೈ ತಣಿಸಲು ಚರ್ಮಕ್ಕೆ ಹೋಗುತ್ತದೆ. ಕರುಳಿಗೆ ಸಿಗುವುದು ಅಳಿದುಳಿದದ್ದು. ಆರನೇ ಗಂಟೆಯ ಹೊತ್ತಿಗೆ ಬಾಳೆಹಣ್ಣು ಕಂಡರೂ ವಾಕರಿಕೆ. ಸಿಹಿ ಬೇಡವೇ ಬೇಡ. ಕಾಮ್ರೇಡ್ಸ್ ದಾರಿಯಲ್ಲಿ ಉಪ್ಪು ಹಾಕಿದ ಬೇಯಿಸಿದ ಆಲೂಗಡ್ಡೆ ಕೊಡುವುದು ಇದಕ್ಕೇ ಇರಬೇಕು. ಒಳ್ಳೆಯ ಸುದ್ದಿ ಏನೆಂದರೆ ಕರುಳಿಗೂ ಅಭ್ಯಾಸ ಮಾಡಿಸಬಹುದು. ವಾರಗಟ್ಟಲೆ ಓಡುತ್ತಾ ತಿಂದು ರೂಢಿ ಮಾಡಿದರೆ ಅದು ಹೊಂದಿಕೊಳ್ಳುತ್ತದೆ.

ನೀರಿನ ಕಥೆ ಇನ್ನೂ ಮುಖ್ಯ, ಜೀವದ ಪ್ರಶ್ನೆ. ಕಾಮ್ರೇಡ್ಸ್‌ನಲ್ಲಿ ನೀರನ್ನು ಅಂಗೈಯಗಲದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕೊಡುತ್ತಾರೆ. ಮೂಲೆಯನ್ನು ಹಲ್ಲಿನಿಂದ ಕಚ್ಚಿ, ಅರ್ಧ ಕುಡಿದು, ಉಳಿದದ್ದನ್ನು ತಲೆಗೆ ಸುರಿದುಕೊಳ್ಳುತ್ತಾರೆ. ಬಾಯಾರುವ ಮುಂಚೆಯೇ ಕುಡಿಯಿರಿ, ಆದಷ್ಟು ಕುಡಿಯಿರಿ ಅನ್ನುವ ಉಪದೇಶ ಬಹಳ ಕಾಲ ನಡೆಯಿತು. 1981ರಲ್ಲಿ ಇದೇ ಓಟದಲ್ಲಿ ಒಬ್ಬ ಮಹಿಳೆ ದಾರಿಯಲ್ಲಿ ಮಂಕಾಗಿ ಆಸ್ಪತ್ರೆ ಸೇರಿದರು. ಅವರ ರಕ್ತದಲ್ಲಿ ಸೋಡಿಯಂ ಕುಸಿದಿತ್ತು. ಕಾರಣ, ನೀರು ಕಡಿಮೆಯಾದದ್ದಲ್ಲ, ಅತಿಯಾದದ್ದು. ದೀರ್ಘ ಓಟದಲ್ಲಿ ದೇಹ ನೀರು ಹಿಡಿದಿಡುವ ಹಾರ್ಮೋನನ್ನು ಸುರಿಸುತ್ತದೆ, ಮೂತ್ರ ಕಟ್ಟುತ್ತದೆ. ಆಗ ಕುಡಿದದ್ದೆಲ್ಲ ರಕ್ತವನ್ನು ತೆಳುವಾಗಿಸಿ ಮಿದುಳಿನ ಕೋಶಗಳನ್ನು ಊದಿಸುತ್ತದೆ. ಕೇಪ್‌ಟೌನ್ ವಿಶ್ವವಿದ್ಯಾಲಯದ ಟಿಮ್ ನೋಕ್ಸ್ ಮತ್ತು ಸಂಗಡಿಗರು ಇಂಥ ಪ್ರಕರಣಗಳನ್ನು 1985ರಲ್ಲಿ ಪ್ರಕಟಿಸಿದರು. ಒಪ್ಪಿಕೊಳ್ಳಲು ಜಗತ್ತಿಗೆ ಸಮಯ ಹಿಡಿಯಿತು. ಈಗಿನ ಸಲಹೆ ಸರಳ: ಬಾಯಾರಿದಾಗ ಕುಡಿಯಿರಿ.

ಇನ್ನು ಕಾಲು. ಏರಿಗಿಂತ ಇಳಿಜಾರೇ ಹೆಚ್ಚು ಕಾಡುತ್ತದೆ ಅಂದರೆ ಓಡದವರು ನಂಬುವುದಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಓಡಿದವರನ್ನು ಕೇಳಿ. ಇಳಿಯುವಾಗ ತೊಡೆಯ ಸ್ನಾಯು ಬ್ರೇಕಿನಂತೆ ಕೆಲಸ ಮಾಡುತ್ತದೆ. ಬಿಗಿಯುತ್ತಲೇ ಹಿಗ್ಗಬೇಕು. ಆ ಎಳೆದಾಟದಲ್ಲಿ ಸ್ನಾಯುವಿನ ಸೂಕ್ಷ್ಮ ಎಳೆಗಳು ಹರಿಯುತ್ತವೆ. ನನ್ನ ಮೊದಲ 50 ಕಿಲೋಮೀಟರ್ ಓಟದ ಮರುದಿನ ನಾನು ಮನೆ ಮೆಟ್ಟಿಲನ್ನು ಹಿಮ್ಮುಖವಾಗಿ, ಕಂಬಿ ಹಿಡಿದು ಇಳಿದೆ. ಮೂರನೇ ದಿನ ಇನ್ನೂ ಕಷ್ಟವಾಯಿತು. ಆದರೆ ಸ್ನಾಯುವಿನಲ್ಲಿ ಒಂದು ಸೊಗಸಾದ ಗುಣವಿದೆ. ಒಂದು ಸಲ ಇಂಥ ಪೆಟ್ಟು ತಿಂದರೆ ಮುಂದಿನ ಎಷ್ಟೋ ವಾರ ಅದೇ ಇಳಿಜಾರು ಅಷ್ಟು ನೋಯಿಸುವುದಿಲ್ಲ. ಓಟಕ್ಕೆ ಒಂದು ತಿಂಗಳ ಮುಂಚೆ ಬೆಟ್ಟ ಇಳಿದು ಬನ್ನಿ ಅಂತ ಹೇಳುವುದು ಅದಕ್ಕೇ.

ಒಂದು ಎಚ್ಚರಿಕೆ ಹೇಳಲೇಬೇಕು. ಹರಿದ ಸ್ನಾಯುವಿನ ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ. ಆ ಹೊತ್ತಿನಲ್ಲಿ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗುವುದು ದೊಡ್ಡ ತಪ್ಪು. ಓಟದ ನಂತರ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಲಗಿ ಸುಧಾರಿಸಿಕೊಳ್ಳೋಣ ಅನ್ನಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಕಷ್ಟಪಟ್ಟು ಸಿಗುವುದೇನು? ಓಟದ ಖುಷಿಗೆ ಎಂಡಾರ್ಫಿನ್, ಅಂದರೆ ನೋವು ಮರೆಸಲು ದೇಹವೇ ತಯಾರಿಸುವ ರಾಸಾಯನಿಕ, ಕಾರಣ ಅಂತ ಎಲ್ಲರೂ ಕೇಳಿರುತ್ತೇವೆ. ಆದರೆ ಎಂಡಾರ್ಫಿನ್ ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟುವುದಿಲ್ಲ. ಜರ್ಮನಿಯ ಸಂಶೋಧಕರು ಅದರ ಪರಿಣಾಮವನ್ನು ಔಷಧಿಯಿಂದ ತಡೆದು ಓಡಿಸಿ ನೋಡಿದರು, ಖುಷಿ ಹಾಗೇ ಉಳಿದಿತ್ತು. ಈಗ ಅನುಮಾನ ಇರುವುದು ದೇಹವೇ ತಯಾರಿಸುವ, ಗಾಂಜಾದ ಅಂಶವನ್ನು ಹೋಲುವ ಎಂಡೋಕ್ಯಾನಬಿನಾಯ್ಡ್‌ಗಳ ಮೇಲೆ.

ನನ್ನನ್ನು ಕೇಳಿದರೆ, ದೊಡ್ಡ ಸಂಪಾದನೆ ಅಂದರೆ ಜೊತೆಗಾರರು. ಕಾಮ್ರೇಡ್ಸ್‌ನಲ್ಲಿ ಒಟ್ಟಾಗಿ ಓಡುವ ಗುಂಪನ್ನು 'ಬಸ್' ಅನ್ನುತ್ತಾರೆ. ಮುಂದಿರುವ ಅನುಭವಿ ಡ್ರೈವರ್. ಎಲ್ಲಿ ನಡೆಯಬೇಕು, ಎಲ್ಲಿಂದ ಓಡಬೇಕು ಅಂತ ಅವರು ಕೂಗುತ್ತಾರೆ, ಎಲ್ಲರೂ ಹೆಜ್ಜೆ ಹಾಕುತ್ತಾರೆ. ಇಲ್ಲಿ ಲಯಕ್ಕೂ ಕೆಲಸವಿದೆ. ಆಕ್ಸ್‌ಫರ್ಡ್‌ನಲ್ಲಿ ದೋಣಿ ಹುಟ್ಟು ಹಾಕುವವರನ್ನು ಪರೀಕ್ಷಿಸಿದಾಗ, ಒಬ್ಬರೇ ಹಾಕಿದ್ದಕ್ಕಿಂತ ಒಟ್ಟಿಗೆ ಹಾಕಿದಾಗ ಅವರು ನೋವನ್ನು ಹೆಚ್ಚು ತಡೆದುಕೊಂಡರು. ಶ್ರಮ ಎರಡೂ ಸಲ ಒಂದೇ.

ಈ ಓಟಕ್ಕೆ ಕೊಟ್ಟಿರುವ ಸಮಯ 12 ಗಂಟೆ. ಕೊನೆಯ ಕ್ಷಣಗಳಲ್ಲಿ ಅಧಿಕಾರಿಯೊಬ್ಬರು ಗೆರೆಯ ಬಳಿ, ಬರುತ್ತಿರುವವರಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಕೈಯಲ್ಲಿ ಪಿಸ್ತೂಲು. ಮುಖ ನೋಡಿದರೆ ಬೆರಳು ತಡವರಿಸೀತು. ಅಷ್ಟು ಹೊತ್ತು ಕಾಲೆಳೆಯುತ್ತಿದ್ದವರು ಅದನ್ನು ಕಂಡು ಓಡಲು ಶುರು ಮಾಡುತ್ತಾರೆ. ಜೇಬಿನ ಕಾಸು ಎಂದೋ ಮುಗಿದಿತ್ತಲ್ಲ, ಈ ಶಕ್ತಿ ಎಲ್ಲಿಂದ ಬಂತು? ಮಿದುಳು ಅಪಾಯಕ್ಕೆ ಮುಂಚೆಯೇ ದಣಿವಿನ ಅನುಭವ ಹುಟ್ಟಿಸಿ ಸ್ವಲ್ಪ ಉಳಿಸಿಕೊಳ್ಳುತ್ತದೆ ಅನ್ನುವುದು ನೋಕ್ಸ್ ವಾದ. ಅದರ ಮೇಲೆ ಜಗಳ ಇನ್ನೂ ನಡೆದಿದೆ. ಆದರೆ ಸಿಹಿ ಪಾನೀಯವನ್ನು ಬಾಯಿ ಮುಕ್ಕಳಿಸಿ ಉಗುಳಿದರೂ ಸೈಕಲ್ ಸವಾರರ ವೇಗ ಏರಿದ್ದನ್ನು ಪ್ರಯೋಗಗಳು ತೋರಿಸಿವೆ. ಹೊಟ್ಟೆಗೆ ಏನೂ ಹೋಗಿಲ್ಲ, ನಾಲಿಗೆ ಮಿದುಳಿಗೆ ಸುದ್ದಿ ಮುಟ್ಟಿಸಿತು ಅಷ್ಟೇ.

ಗುಂಡು ಹಾರುತ್ತದೆ. ಗೆರೆ ಮುಚ್ಚುತ್ತದೆ. ಎರಡು ಹೆಜ್ಜೆ ಹಿಂದಿದ್ದವರಿಗೂ ಪದಕವಿಲ್ಲ. ಅಧಿಕಾರಿ ಆಮೇಲೆ ತಿರುಗಿ ನೋಡುತ್ತಾರೆ.